ಬಟ್ಟೆ ಡ್ರೈಯರ್‌ನ ಕೆಟ್ಟ ಥರ್ಮೋಸ್ಟಾಟ್ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಉತ್ತರಗಳು ಯಾವ ಬಗೆಯ ಡ್ರೈಯರ್‌ಗೆ ಅನ್ವಯಿಸುತ್ತವೆ?

ಹೀಟರ್ ಕಾಯಿಲ್‌ನಿಂದ ಗಾಳಿಯನ್ನು ಕಾಯಿಸಿ, ತಿರುಗುವ ಡ್ರಮ್ಮಿನೊಳಗೆ ಹಾಯಿಸಿ, ತೇವ ತುಂಬಿದ ಗಾಳಿಯನ್ನು ಕೊಳವೆಯ ಮೂಲಕ ಹೊರಹಾಕುವ ವಿದ್ಯುತ್ ಡ್ರೈಯರ್‌ಗಳಿಗೆ ಇವು ಅನ್ವಯಿಸುತ್ತವೆ. ಕರಾವಳಿ, ಮಲೆನಾಡುಗಳ ಮನೆಗಳಲ್ಲೂ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲೂ ಕಾಣುವ 230 ವೋಲ್ಟಿನ ಚಿಕ್ಕ ಯಂತ್ರಗಳು, ಅಮೆರಿಕ ಮತ್ತು ಕೆನಡಾಗಳಲ್ಲಿರುವ ಕನ್ನಡಿಗರ ಮನೆಗಳಲ್ಲಿ ಸಾಮಾನ್ಯವಾದ 240 ವೋಲ್ಟಿನ ದೊಡ್ಡ ಯಂತ್ರಗಳು, ಎರಡೂ ಈ ಗುಂಪಿಗೆ ಸೇರುತ್ತವೆ. ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷಿನ್‌ನ ಎರಡನೆಯ ತೊಟ್ಟಿಯನ್ನೂ ನಮ್ಮಲ್ಲಿ ಡ್ರೈಯರ್ ಎಂದೇ ಕರೆಯುತ್ತಾರಾದರೂ ಅದು ಬಟ್ಟೆಯನ್ನು ವೇಗವಾಗಿ ತಿರುಗಿಸಿ ನೀರು ಹಿಂಡುತ್ತದೆಯೇ ಹೊರತು ಬಿಸಿಗಾಳಿ ಊದುವುದಿಲ್ಲ. ಅದರಲ್ಲಿ ಥರ್ಮೋಸ್ಟಾಟ್, ಅಂದರೆ ಬಿಸಿಯನ್ನು ಮಿತಿಯಲ್ಲಿಡುವ ಸ್ವಿಚ್ಚು, ಇರುವುದಿಲ್ಲ.

ಹೀಟ್ ಪಂಪ್ ಡ್ರೈಯರ್‌ಗಳಲ್ಲಿ ಫ್ರಿಜ್ಜಿನಲ್ಲಿರುವಂತೆ ಕಂಪ್ರೆಸರ್ ಮತ್ತು ಮುಚ್ಚಿದ ಅನಿಲ ವ್ಯವಸ್ಥೆ ಇರುವುದರಿಂದ ಅವುಗಳ ದುರಸ್ತಿಯ ಕ್ರಮವೇ ಬೇರೆ. ಗ್ಯಾಸ್ ಡ್ರೈಯರ್‌ನಲ್ಲಿ ಥರ್ಮೋಸ್ಟಾಟ್ ಕೆಲಸ ಮಾಡುವ ತತ್ವ ಒಂದೇ ಆದರೂ ಗ್ಯಾಸ್ ವಾಲ್ವ್ ಮತ್ತು ಬರ್ನರ್‌ಗೆ ಮನೆಯವರು ಕೈಹಾಕಬಾರದು.

ಥರ್ಮೋಸ್ಟಾಟ್ ಎಂದರೆ ಒಂದೇ ಭಾಗವೇ?

ಅಲ್ಲ. ದುರಸ್ತಿಗೆ ಕೈಹಾಕುವವರು ಮೊದಲು ಎಡವುವುದೇ ಇಲ್ಲಿ. ಒಂದು ಡ್ರೈಯರ್‌ನಲ್ಲಿ ಶಾಖದ ಮೇಲೆ ಕಣ್ಣಿಡುವ ಭಾಗಗಳು ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಇರುತ್ತವೆ. ನೋಡಲು ಎಲ್ಲವೂ ನಾಣ್ಯದಷ್ಟು ಅಗಲದ, ಎರಡು ತಂತಿ ಸಿಕ್ಕಿಸಿದ ಬಿಲ್ಲೆಗಳಂತೆಯೇ ಇರುವುದರಿಂದ ಒಂದರ ಬದಲು ಇನ್ನೊಂದನ್ನು ತಂದು ಹಾಕುವ ಅಪಾಯವಿದೆ.

ದಿನನಿತ್ಯದ ಕೆಲಸ ಮಾಡುವುದು ಸೈಕ್ಲಿಂಗ್ ಥರ್ಮೋಸ್ಟಾಟ್. ಡ್ರಮ್ಮಿನಿಂದ ಹೊರಬರುವ ಗಾಳಿಯ ದಾರಿಯಲ್ಲಿ, ಬ್ಲೋವರ್‌ನ ಕವಚದ ಮೇಲೆ ಕುಳಿತು, ಗಾಳಿ ನಿಗದಿತ ಬಿಸಿಗೆ ಬಂದೊಡನೆ ಹೀಟರ್‌ಗೆ ಹೋಗುವ ಕರೆಂಟನ್ನು ಕಡಿದು, ತಣ್ಣಗಾದ ಮೇಲೆ ಮತ್ತೆ ಜೋಡಿಸುತ್ತದೆ. ಅಮೆರಿಕದಲ್ಲಿ ಬಹಳ ಬಳಕೆಯಲ್ಲಿರುವ ವರ್ಲ್‌ಪೂಲ್ ಬಗೆಯ ಡ್ರೈಯರ್‌ಗಳ 3387134 ಸಂಖ್ಯೆಯ ಥರ್ಮೋಸ್ಟಾಟ್ 155 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಅಂದರೆ ಸುಮಾರು 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆರೆದುಕೊಂಡು, 25 ಡಿಗ್ರಿ ಫ್ಯಾರನ್‌ಹೀಟ್ ಇಳಿದ ಮೇಲೆ ಮುಚ್ಚಿಕೊಳ್ಳುತ್ತದೆ. ಅದರ ಮೇಲೆಯೇ ಅಚ್ಚಾಗಿರುವ ಎಲ್155-25 ಎಂಬ ಗುರುತು ಇದನ್ನೇ ಹೇಳುತ್ತದೆ.

ಎರಡನೆಯದು ಹೈ ಲಿಮಿಟ್ ಥರ್ಮೋಸ್ಟಾಟ್. ಇದು ಹೀಟರ್ ಪೆಟ್ಟಿಗೆಯ ಮೇಲೆಯೇ ಇದ್ದು, ಗಾಳಿಯ ಹರಿವು ಕಡಿಮೆಯಾಗಿ ಹೀಟರ್ ಮಿತಿಮೀರಿ ಕಾದಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಮೂರನೆಯದು ಥರ್ಮಲ್ ಫ್ಯೂಸ್ ಅಥವಾ ಥರ್ಮಲ್ ಕಟ್ ಆಫ್. ಒಮ್ಮೆ ಹೋದರೆ ಮತ್ತೆ ಜೋಡಿಕೊಳ್ಳದ ಇದನ್ನು ಬದಲಿಸುವುದೊಂದೇ ದಾರಿ. ಎಲೆಕ್ಟ್ರಾನಿಕ್ ಬೋರ್ಡ್ ಇರುವ ಹೊಸ ಯಂತ್ರಗಳಲ್ಲಿ ಸೈಕ್ಲಿಂಗ್ ಥರ್ಮೋಸ್ಟಾಟ್‌ನ ಜಾಗದಲ್ಲಿ ಥರ್ಮಿಸ್ಟರ್ ಇರುತ್ತದೆ. ಅದು ಕರೆಂಟನ್ನು ತಾನೇ ಕಡಿಯುವುದಿಲ್ಲ. ಬಿಸಿಯೇರಿದಂತೆ ಅದರ ರೋಧ ಇಳಿಯುತ್ತದೆ, ಬೋರ್ಡು ಆ ರೋಧವನ್ನು ಅಳೆದು ಹೀಟರನ್ನು ನಿಯಂತ್ರಿಸುತ್ತದೆ.

ಬಿಲ್ಲೆಯ ಒಳಗೆ ಏನಿದೆ, ಅದು ಏಕೆ ಕೆಡುತ್ತದೆ?

ಒಳಗಿರುವುದು ಎರಡು ಬೇರೆ ಲೋಹಗಳನ್ನು ಬೆಸೆದು ಸ್ವಲ್ಪ ಡೊಂಕಾಗಿ ಮಾಡಿದ ತೆಳು ತಟ್ಟೆ. ಬಿಸಿಗೆ ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ, ನಿಗದಿತ ಉಷ್ಣತೆಯಲ್ಲಿ ತಟ್ಟೆ ಟಕ್ಕೆಂದು ಎದುರು ದಿಕ್ಕಿಗೆ ಬಾಗಿ ಒಂದು ಸಣ್ಣ ಕಡ್ಡಿಯನ್ನು ತಳ್ಳುತ್ತದೆ, ಆ ಕಡ್ಡಿ ಕಾಂಟ್ಯಾಕ್ಟ್‌ಗಳನ್ನು, ಅಂದರೆ ಕರೆಂಟು ದಾಟುವ ಲೋಹದ ತುದಿಗಳನ್ನು, ಬಿಡಿಸುತ್ತದೆ. ಒಂದೊಂದು ಸಲ ಕರೆಂಟು ಕಡಿಯುವಾಗಲೂ ಕಾಂಟ್ಯಾಕ್ಟ್‌ಗಳ ನಡುವೆ ಸಣ್ಣ ಕಿಡಿ ಹಾರಿ ಅವುಗಳ ಮೈಯನ್ನು ಸವೆಸುತ್ತದೆ. ವರ್ಷಗಟ್ಟಲೆ ಹೀಗೆ ಸವೆದ ಮೇಲೆ ಅವು ಸರಿಯಾಗಿ ಕೂಡದೆ ಹೋಗಬಹುದು ಅಥವಾ ಒಂದಕ್ಕೊಂದು ಅಂಟಿಕೊಂಡುಬಿಡಬಹುದು. ಮೊದಲ ದೋಷದಲ್ಲಿ ಬಟ್ಟೆ ಒಣಗುವುದಿಲ್ಲ. ಎರಡನೆಯದರಲ್ಲಿ ಹೀಟರ್ ಆರುವುದಿಲ್ಲ, ಮತ್ತು ಇದೇ ಹೆಚ್ಚು ಭಯಪಡಬೇಕಾದ ದೋಷ.

ಥರ್ಮೋಸ್ಟಾಟ್ ಕೆಟ್ಟಿದೆ ಎಂದು ಯಾವ ಲಕ್ಷಣಗಳಿಂದ ಊಹಿಸಬಹುದು?

ಡ್ರಮ್ಮು ತಿರುಗುತ್ತಿದ್ದು ಗಾಳಿ ತಣ್ಣಗೆ ಬರುತ್ತಿದ್ದರೆ, ಥರ್ಮೋಸ್ಟಾಟ್‌ಗಳಲ್ಲಿ ಒಂದು ತೆರೆದೇ ನಿಂತಿರಬಹುದು, ಥರ್ಮಲ್ ಫ್ಯೂಸ್ ಹೋಗಿರಬಹುದು ಅಥವಾ ಹೀಟರ್ ಕಾಯಿಲ್ ತುಂಡಾಗಿರಬಹುದು. ಬಟ್ಟೆಗಳು ಮುಟ್ಟಲಾಗದಷ್ಟು ಬಿಸಿಯಾಗುವುದು, ಸಿಂಥೆಟಿಕ್ ಬಟ್ಟೆಗಳು ಮುದುಡಿಕೊಳ್ಳುವುದು, ಸುಟ್ಟ ವಾಸನೆ ಬರುವುದು, ಇವು ಸೈಕ್ಲಿಂಗ್ ಥರ್ಮೋಸ್ಟಾಟ್ ಅಂಟಿಕೊಂಡಿರುವ ಸೂಚನೆಗಳಾಗಿರಬಹುದು. ಬಿಸಿ ಬರುತ್ತಿದ್ದೂ ಒಂದು ತಾಸಿನ ಕೆಲಸಕ್ಕೆ ಎರಡು ತಾಸು ಹಿಡಿಯುತ್ತಿದ್ದರೆ ಮಾತ್ರ ಮೊದಲ ಅನುಮಾನ ಗಾಳಿಯ ದಾರಿಯ ಮೇಲೆ ಹೋಗಬೇಕು, ಥರ್ಮೋಸ್ಟಾಟ್‌ನ ಮೇಲಲ್ಲ.

ಕೆಲವು ಮಾದರಿಗಳಲ್ಲಿ ಥರ್ಮಲ್ ಫ್ಯೂಸನ್ನು ಮೋಟಾರಿನ ದಾರಿಯಲ್ಲೇ ಅಳವಡಿಸಿರುವುದರಿಂದ ಅದು ಹೋದಾಗ ಗುಂಡಿ ಒತ್ತಿದರೂ ಯಂತ್ರ ಮಿಸುಕುವುದಿಲ್ಲ. ಮೋಟಾರೇ ಸುಟ್ಟಿತೆಂದು ನಿರ್ಧರಿಸುವ ಮುನ್ನ ಈ ಸಣ್ಣ ಭಾಗವನ್ನು ಪರೀಕ್ಷಿಸುವುದು ಒಳ್ಳೆಯದು.

ಯಂತ್ರವನ್ನು ಬಿಚ್ಚುವ ಮುನ್ನ ಏನೇನು ನೋಡಬೇಕು?

ಇದಕ್ಕೆ ವಿವರವಾಗಿ ಉತ್ತರಿಸಬೇಕಾಗಿದೆ, ಏಕೆಂದರೆ ಒಳ್ಳೆಯ ಥರ್ಮೋಸ್ಟಾಟನ್ನು ಕಿತ್ತು ಹೊಸದನ್ನು ಹಾಕಿಸಿಕೊಂಡ ಮನೆಗಳಲ್ಲಿ ದೋಷ ಬಹಳ ಸಲ ಯಂತ್ರದ ಹೊರಗೇ ಇರುತ್ತದೆ.

ಮೊದಲನೆಯದು ವಿದ್ಯುತ್ತು. ಹೀಟರ್‌ನ ಶಕ್ತಿ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ ಸಂಖ್ಯೆಗೆ) ಅನುಗುಣವಾಗಿರುವುದರಿಂದ, 230 ವೋಲ್ಟಿನಲ್ಲಿ 2000 ವ್ಯಾಟ್ ಕೊಡುವ ಹೀಟರ್ 190 ವೋಲ್ಟಿನಲ್ಲಿ ಸುಮಾರು 1365 ವ್ಯಾಟ್ ಮಾತ್ರ ಕೊಡುತ್ತದೆ. ವೋಲ್ಟೇಜು ಆರರಲ್ಲಿ ಒಂದು ಪಾಲು ಇಳಿದರೆ ಶಾಖದ ಮೂರರಲ್ಲಿ ಒಂದು ಪಾಲು ಹೋಯಿತು. ಮಳೆಗಾಲದ ಸಂಜೆ ದೀಪ ಮಂಕಾಗುವ ಊರುಗಳಲ್ಲಿ ಬಟ್ಟೆ ಒಣಗದಿದ್ದರೆ ಮಲ್ಟಿಮೀಟರ್ ಹಿಡಿದು ಸಾಕೆಟ್ಟಿನ ವೋಲ್ಟೇಜನ್ನು, ಹೀಟರ್ ಓಡುತ್ತಿರುವಾಗಲೇ ಪಕ್ಕದ ಸಾಕೆಟ್ಟಿನಲ್ಲಿ ನೋಡಬೇಕು. ಅಮೆರಿಕದ ಮನೆಗಳಲ್ಲಿ ಇದರ ರೂಪ ಬೇರೆ. ಅಲ್ಲಿ 240 ವೋಲ್ಟು ಬರುವುದು ತಲಾ 120 ವೋಲ್ಟಿನ ಎರಡು ಲೈನುಗಳಿಂದ; ಮೋಟಾರು ಓಡಲು ಒಂದೇ ಲೈನು ಸಾಕು, ಹೀಟರ್‌ಗೆ ಎರಡೂ ಬೇಕು. ಜೋಡಿ ಬ್ರೇಕರ್‌ನಲ್ಲಿ ಒಂದು ಭಾಗ ಮಾತ್ರ ಕೆಟ್ಟಿದ್ದರೆ ಡ್ರಮ್ಮು ತಿರುಗುತ್ತಲೇ ಇದ್ದು ಬಿಸಿ ಮಾತ್ರ ಬರುವುದಿಲ್ಲ. ಬ್ರೇಕರನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡುವುದರಿಂದಲೇ ಕೆಲವು ದೂರುಗಳು ಮುಗಿಯುತ್ತವೆ.

ಎರಡನೆಯದು ಫಿಲ್ಟರ್. ಬಟ್ಟೆಯಿಂದ ಉದುರುವ ಜುಂಗನ್ನು ಪ್ರತಿ ಸಲವೂ ತೆಗೆಯುವವರ ಮನೆಯಲ್ಲೂ ಸಾಫ್ಟ್‌ನರ್‌ನ ಜಿಡ್ಡು ಜಾಲರಿಯ ಮೇಲೆ ಕಣ್ಣಿಗೆ ಕಾಣದ ಪೊರೆಯಂತೆ ಕಟ್ಟಿಕೊಂಡಿರುತ್ತದೆ. ಜಾಲರಿಯನ್ನು ನಲ್ಲಿಯ ಕೆಳಗೆ ಹಿಡಿದಾಗ ನೀರು ಇಳಿಯದೆ ಮೇಲೆಯೇ ನಿಂತರೆ ಗಾಳಿಯೂ ಸರಾಗವಾಗಿ ದಾಟುತ್ತಿಲ್ಲ ಎಂದು ತಿಳಿಯಬೇಕು. ಸೋಪಿನ ನೀರು ಮತ್ತು ಮೆತ್ತನೆಯ ಬ್ರಷ್ಷಿನಿಂದ ತೊಳೆದು, ಪೂರ್ತಿ ಒಣಗಿಸಿ ಹಾಕಿದರೆ ಸಾಕು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಗಾಳಿ ಹೊರಹೋಗುವ ಕೊಳವೆ. ಅಮೆರಿಕದ ವಸತಿ ಕಟ್ಟಡಗಳ ಮಾದರಿ ಸಂಹಿತೆ 4 ಅಂಗುಲ ವ್ಯಾಸದ ನುಣುಪು ಲೋಹದ ಕೊಳವೆಗೆ ಸಾಮಾನ್ಯ ಮಿತಿಯಾಗಿ 35 ಅಡಿ ಉದ್ದವನ್ನು ನಿಗದಿಪಡಿಸಿ, ಸಾಮಾನ್ಯ ಬೆಂಡಿನ ಪ್ರತಿಯೊಂದು 90 ಡಿಗ್ರಿ ತಿರುವಿಗೂ 5 ಅಡಿ ಕಳೆಯಬೇಕೆನ್ನುತ್ತದೆ. ನಮ್ಮ ಮನೆಗಳಲ್ಲಿ ಬಳಸುವ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆಯಲ್ಲಿ ಗಾಳಿಗೆ ಅಡ್ಡಿ ಇನ್ನೂ ಹೆಚ್ಚು, ಜುಂಗು ಆ ಸುಕ್ಕುಗಳಲ್ಲೇ ಕೂರುತ್ತದೆ. ಪರೀಕ್ಷೆ ಸುಲಭ: ವಿದ್ಯುತ್ ಡ್ರೈಯರ್‌ನ ಹಿಂಬದಿಯಿಂದ ಕೊಳವೆಯನ್ನು ಬಿಡಿಸಿ, ಕಿಟಕಿ ತೆರೆದಿಟ್ಟು, ಒಂದೇ ಒಂದು ಸಲ ಒಣಗಿಸಿ ನೋಡಿದಾಗ ಕೆಲಸ ಬೇಗ ಮುಗಿದರೆ ತಪ್ಪು ಕೊಳವೆಯದು. ಗ್ಯಾಸ್ ಡ್ರೈಯರ್‌ನಲ್ಲಿ ಈ ಪರೀಕ್ಷೆಯನ್ನು ಎಂದೂ ಮಾಡಬಾರದು, ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ.

ಗಾಳಿಯ ಹರಿವಿಗೂ ಥರ್ಮೋಸ್ಟಾಟ್ ಕೆಡುವುದಕ್ಕೂ ಏನು ಸಂಬಂಧ?

ಹೀಟರ್ ಹುಟ್ಟಿಸುವ ಶಾಖವನ್ನು ಹೊತ್ತೊಯ್ಯುವುದು ಗಾಳಿಯೇ. ಗಾಳಿ ಅರ್ಧಕ್ಕೆ ಇಳಿದರೆ ಹೀಟರ್ ಪೆಟ್ಟಿಗೆಯೊಳಗಿನ ಉಷ್ಣತೆ ಏರುತ್ತದೆ, ಹೈ ಲಿಮಿಟ್ ಥರ್ಮೋಸ್ಟಾಟ್ ಮತ್ತೆ ಮತ್ತೆ ಕರೆಂಟು ಕಡಿಯಬೇಕಾಗುತ್ತದೆ. ತುರ್ತಿಗೆಂದು ಇಟ್ಟ ಭಾಗ ದಿನವೂ ದುಡಿಯತೊಡಗಿದರೆ ಬೇಗ ಸವೆಯುತ್ತದೆ, ಕೊನೆಗೆ ಥರ್ಮಲ್ ಫ್ಯೂಸ್ ಹೋಗುತ್ತದೆ. ಅಮೆರಿಕದ ಅಗ್ನಿಶಾಮಕ ಆಡಳಿತದ ಅಂದಾಜಿನಂತೆ 2008ರಿಂದ 2010ರವರೆಗೆ ಆ ದೇಶದ ವಸತಿ ಕಟ್ಟಡಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿಗಳು ಸಂಭವಿಸಿದವು, ಅವುಗಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ಕಾರಣವಾದದ್ದು ಯಂತ್ರವನ್ನು ಸ್ವಚ್ಛಗೊಳಿಸದಿರುವುದು. ಆದ್ದರಿಂದ ಜುಂಗು ಕಟ್ಟಿದ ಕೊಳವೆಯನ್ನು ಹಾಗೆಯೇ ಬಿಟ್ಟು ಹೊಸ ಥರ್ಮೋಸ್ಟಾಟ್ ಹಾಕಿದವರು ದುರಸ್ತಿಯನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ ಎಂದೇ ನಾನು ಹೇಳುತ್ತೇನೆ.

ಕೆಲಸಕ್ಕೆ ಕೈಹಾಕುವ ಮುನ್ನ ಯಾವ ಎಚ್ಚರಿಕೆಗಳು ಅಗತ್ಯ?

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು ಕಣ್ಣಿಗೆ ಕಾಣುವಂತೆ ಮುಂದೆ ಇಟ್ಟುಕೊಳ್ಳಬೇಕು. ಹಳೆಯ ಮನೆಗಳ ವೈರಿಂಗ್‌ನಲ್ಲಿ ಸ್ವಿಚ್ಚು ಫೇಸ್‌ನ ಬದಲು ನ್ಯೂಟ್ರಲ್‌ನಲ್ಲಿ ಇರುವುದುಂಟು. ಅಂಥಲ್ಲಿ ಸ್ವಿಚ್ ಆಫ್ ಆಗಿದ್ದರೂ ಹೀಟರ್ ಕಾಯಿಲ್‌ನಲ್ಲಿ ಕರೆಂಟು ಇದ್ದೇ ಇರುತ್ತದೆ. ಪ್ಲಗ್ ಇಲ್ಲದೆ ನೇರವಾಗಿ ವೈರ್ ಕೊಟ್ಟಿದ್ದರೆ ಎಂಸಿಬಿ ಇಳಿಸಿ, ಮನೆಯವರಿಗೆಲ್ಲ ಹೇಳಿ, ಟೆಸ್ಟರ್‌ನಿಂದ ಖಚಿತಪಡಿಸಿಕೊಳ್ಳಬೇಕು.

230 ವೋಲ್ಟಿನ ಅನೇಕ ಡ್ರೈಯರ್‌ಗಳ ಮೋಟಾರಿಗೆ ಕೆಪಾಸಿಟರ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು. ಅದರ ತುದಿಗಳಿಗೆ ಕೈ ತಾಗಿಸಬೇಡಿ. ಯಂತ್ರ ಆಗತಾನೆ ಓಡಿದ್ದರೆ ಹೀಟರ್ ಪೆಟ್ಟಿಗೆ ಆರಲು ಅರ್ಧ ಗಂಟೆಯಾದರೂ ಬಿಡಿ. ತಗಡಿನ ಅಂಚುಗಳು ಬ್ಲೇಡಿನಷ್ಟು ಹರಿತವಾಗಿರುವುದರಿಂದ ದಪ್ಪ ಕೈಗವಸು ಹಾಕಿಕೊಳ್ಳಿ. ಗೋಡೆಗೆ ತೂಗುಹಾಕಿದ ಡ್ರೈಯರನ್ನು ಒಬ್ಬರೇ ಇಳಿಸಲು ಹೋಗಬಾರದು.

ಯಾವ ಸಲಕರಣೆಗಳು ಬೇಕು?

ಸ್ಟಾರ್ ಸ್ಕ್ರೂಡ್ರೈವರ್, ಅಮೆರಿಕದ ಯಂತ್ರಗಳಿಗೆ ಕಾಲು ಅಂಗುಲದ ನಟ್ ಡ್ರೈವರ್, ಯುರೋಪಿನ ವಿನ್ಯಾಸಗಳಿಗೆ ಟಾರ್ಕ್ಸ್ ಬಿಟ್, ಮೂಗು ಚೂಪಾದ ಇಕ್ಕಳ, ಮಲ್ಟಿಮೀಟರ್ ಮತ್ತು ಟಾರ್ಚು ಸಾಕು. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಒಳಗಿನ ಜುಂಗು ತೆಗೆಯಲು ಅನುಕೂಲ.

ಥರ್ಮೋಸ್ಟಾಟ್ ಎಲ್ಲಿ ಸಿಗುತ್ತದೆ? ಯಂತ್ರವನ್ನು ಯಾವ ಕಡೆಯಿಂದ ಬಿಚ್ಚಬೇಕು?

ಫಿಲ್ಟರ್ ಮೇಲ್ಭಾಗದಲ್ಲಿ ಇರುವ ಅಮೆರಿಕದ ಮಾದರಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ತಗಡನ್ನು ತೆಗೆದರೆ ಹೀಟರ್ ಪೆಟ್ಟಿಗೆಯೂ ಬ್ಲೋವರ್ ಕವಚವೂ ಒಟ್ಟಿಗೆ ಕಾಣುತ್ತವೆ. ಫಿಲ್ಟರ್ ಬಾಗಿಲಿನ ಬಳಿ ಇದ್ದರೆ ಮುಂದಿನ ಕೆಳತಗಡನ್ನೋ ಇಡೀ ಮುಂಭಾಗವನ್ನೋ ತೆಗೆಯಬೇಕಾಗಬಹುದು. ಭಾರತದ ಚಿಕ್ಕ ಯಂತ್ರಗಳಲ್ಲಿ ಮೊದಲು ಹಿಂದಿನ ತಗಡನ್ನು ತೆಗೆದು ನೋಡುವುದು ಸರಿ. ಕೆಲವು ಯುರೋಪಿಯನ್ ವಿನ್ಯಾಸಗಳ ಹೈ ಲಿಮಿಟ್ ಥರ್ಮೋಸ್ಟಾಟ್‌ನ ಮಧ್ಯದಲ್ಲಿ ಸಣ್ಣ ರೀಸೆಟ್ ಗುಂಡಿ ಇರುತ್ತದೆ. ಅದನ್ನು ಒತ್ತಿದಾಗ ಟಕ್ಕೆಂದು ಸದ್ದಾದರೆ ಭಾಗ ಕೆಟ್ಟಿರಲಿಲ್ಲ, ಯಂತ್ರ ಅತಿಯಾಗಿ ಕಾದದ್ದರಿಂದ ಅದು ತನ್ನ ಕೆಲಸ ಮಾಡಿತ್ತು ಎಂದರ್ಥ. ಹಾಗೆ ಕಾದದ್ದೇಕೆ ಎಂಬುದನ್ನು ಹುಡುಕಬೇಕು.

ಮಲ್ಟಿಮೀಟರ್‌ನಿಂದ ಪರೀಕ್ಷಿಸುವುದು ಹೇಗೆ?

ಮೊದಲು ಒಂದು ಬದಿಯ ತಂತಿಯನ್ನಾದರೂ ಬಿಡಿಸಬೇಕು. ಬಿಡಿಸದೆ ಅಳೆದರೆ ಮೀಟರಿನ ಕರೆಂಟು ಬೇರೆ ದಾರಿಯಲ್ಲಿ ಸುತ್ತಿ ಬಂದು ಕೆಟ್ಟ ಭಾಗವನ್ನೂ ಒಳ್ಳೆಯದೆಂದು ತೋರಿಸಬಹುದು. ಮೀಟರನ್ನು ಅತಿ ಕಡಿಮೆ ಓಮ್ ಶ್ರೇಣಿಗೆ ಇಟ್ಟು ಎರಡು ತುದಿಗಳನ್ನು ಮುಟ್ಟಿಸಿದಾಗ, ಕೋಣೆಯ ಉಷ್ಣತೆಯಲ್ಲಿರುವ ಸೈಕ್ಲಿಂಗ್ ಥರ್ಮೋಸ್ಟಾಟ್, ಹೈ ಲಿಮಿಟ್ ಥರ್ಮೋಸ್ಟಾಟ್ ಮತ್ತು ಥರ್ಮಲ್ ಫ್ಯೂಸ್ ಮೂರೂ ಸೊನ್ನೆಗೆ ಹತ್ತಿರದ ರೋಧ ತೋರಿಸಬೇಕು. ಮೀಟರು ಓಎಲ್ ಎಂದು ತೋರಿಸಿದರೆ ಆ ಭಾಗ ಕಡಿದುಹೋಗಿದೆ. ಬೀಪ್ ಸದ್ದನ್ನೇ ನಂಬಬಾರದು; ಹತ್ತಿಪ್ಪತ್ತು ಓಮ್ ರೋಧವಿರುವ ಸವೆದ ಕಾಂಟ್ಯಾಕ್ಟ್‌ಗೂ ಎಷ್ಟೋ ಮೀಟರುಗಳು ಬೀಪ್ ಎನ್ನುತ್ತವೆ.

ಈ ತಣ್ಣನೆಯ ಪರೀಕ್ಷೆಯಿಂದ ಅರ್ಧ ಸತ್ಯ ಮಾತ್ರ ತಿಳಿಯುತ್ತದೆ. ಅಂಟಿಕೊಂಡ ಥರ್ಮೋಸ್ಟಾಟ್ ತಣ್ಣಗಿರುವಾಗ ಎಲ್ಲ ರೀತಿಯಿಂದಲೂ ಒಳ್ಳೆಯದರಂತೆಯೇ ಅಳತೆ ಕೊಡುತ್ತದೆ. ಅದು ತೆರೆದುಕೊಳ್ಳುತ್ತದೆಯೇ ಎಂದು ನೋಡಲು ಭಾಗವನ್ನು ಹೊರತೆಗೆದು, ಇಸ್ತ್ರಿ ಪೆಟ್ಟಿಗೆಯನ್ನು ಅತಿ ಕಡಿಮೆ ಬಿಸಿಗೆ ಕಾಯಿಸಿ, ಅದರ ಪ್ಲಗ್ ಕಿತ್ತು, ತಳ ಮೇಲಾಗಿ ಭದ್ರವಾಗಿ ಇಟ್ಟು, ಬಿಲ್ಲೆಯ ಲೋಹದ ಮುಖ ತಾಗುವಂತೆ ಇಕ್ಕಳದಲ್ಲಿ ಹಿಡಿಯಬಹುದು. ಸುಮಾರು 68 ಡಿಗ್ರಿಯ ಥರ್ಮೋಸ್ಟಾಟ್ ಸ್ವಲ್ಪ ಹೊತ್ತಿನಲ್ಲೇ ಸದ್ದು ಮಾಡಿ ತೆರೆದುಕೊಳ್ಳಬೇಕು, ಆರಿದ ಮೇಲೆ ಮತ್ತೆ ಮುಚ್ಚಿಕೊಳ್ಳಬೇಕು. ಥರ್ಮಲ್ ಫ್ಯೂಸನ್ನು ಮಾತ್ರ ಹೀಗೆ ಕಾಯಿಸಬೇಡಿ, ಒಳ್ಳೆಯದಿದ್ದರೂ ಶಾಶ್ವತವಾಗಿ ಹೋಗುತ್ತದೆ.

ನಾಲ್ಕು ತುದಿಗಳಿರುವ ಸೈಕ್ಲಿಂಗ್ ಥರ್ಮೋಸ್ಟಾಟ್ ಕಂಡರೆ ಗಾಬರಿಯಾಗಬೇಕಿಲ್ಲ. ಎರಡು ತುದಿಗಳು ಹೀಟರ್ ಕರೆಂಟಿನವು. ಉಳಿದೆರಡರ ನಡುವೆ ಸಾವಿರಾರು ಓಮ್ ರೋಧದ ಒಂದು ಪುಟ್ಟ ಹೀಟರ್ ಇದ್ದು, ಕಡಿಮೆ ಬಿಸಿಯ ಆಯ್ಕೆಯಲ್ಲಿ ಅದು ಬಿಲ್ಲೆಯನ್ನು ಒಳಗಿನಿಂದಲೇ ಸ್ವಲ್ಪ ಕಾಯಿಸಿ, ಗಾಳಿ ಹೆಚ್ಚು ಬಿಸಿಯಾಗುವ ಮೊದಲೇ ತೆರೆದುಕೊಳ್ಳುವಂತೆ ಮಾಡುತ್ತದೆ. ಈ ಎರಡು ಜೋಡಿಗಳನ್ನು ಅದಲುಬದಲು ಮಾಡಬಾರದು.

ಕೈಯಲ್ಲಿ ಮೀಟರು ಇರುವಾಗಲೇ ಹೀಟರ್ ಕಾಯಿಲನ್ನೂ ಅಳೆದುಬಿಡಿ. 230 ವೋಲ್ಟಿನ 2000 ವ್ಯಾಟ್ ಕಾಯಿಲ್ ಸುಮಾರು 26 ಓಮ್, ಅಮೆರಿಕದ 240 ವೋಲ್ಟಿನ 5400 ವ್ಯಾಟ್ ಕಾಯಿಲ್ ಸುಮಾರು 11 ಓಮ್ ತೋರಿಸುತ್ತದೆ. ಆಮೇಲೆ ಕಾಯಿಲ್‌ನ ತುದಿಗಳ ತಂತಿಗಳನ್ನು ಬಿಡಿಸಿ, ಪ್ರತಿ ತುದಿಗೂ ಅದರ ತಗಡಿನ ಪೆಟ್ಟಿಗೆಗೂ ನಡುವೆ ಅಳೆದಾಗ ಯಾವ ಸಂಪರ್ಕವೂ ಇರಬಾರದು.

ಹೊಸ ಭಾಗವನ್ನು ಆರಿಸುವಾಗ ಏನನ್ನು ಹೊಂದಿಸಿ ನೋಡಬೇಕು?

ಯಂತ್ರದ ಬಾಗಿಲಿನ ಒಳಬದಿಯಲ್ಲೋ ಹಿಂಬದಿಯಲ್ಲೋ ಇರುವ ಪೂರ್ಣ ಮಾದರಿ ಸಂಖ್ಯೆಯನ್ನು ಕೊಟ್ಟು ಕಂಪನಿಯ ಭಾಗವನ್ನೇ ತರಿಸುವುದು ಅತ್ಯಂತ ಸುರಕ್ಷಿತ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಕೆಎಸ್‌ಡಿ 301 ಹೆಸರಿನ ಬಿಲ್ಲೆಗಳು ಸುಲಭವಾಗಿ ಸಿಗುತ್ತವೆ, ಅನೇಕ ಮೆಕ್ಯಾನಿಕ್‌ಗಳು ಅವನ್ನೇ ಹಾಕುತ್ತಾರೆ. ಅದನ್ನು ಪೂರ್ತಿ ತಪ್ಪೆನ್ನಲಾಗದು, ಆದರೆ ನಾಲ್ಕು ವಿಷಯಗಳು ತಾಳೆಯಾಗಲೇಬೇಕು. ತೆರೆಯುವ ಉಷ್ಣತೆ ಮೂಲ ಭಾಗದಷ್ಟೇ ಇರಬೇಕು. ಮರಳಿ ಜೋಡಿಕೊಳ್ಳುವ ಬಗೆ, ಅಂದರೆ ತಾನಾಗಿಯೇ ಅಥವಾ ಗುಂಡಿ ಒತ್ತಿದ ಮೇಲೆ ಎಂಬುದು, ಒಂದೇ ಆಗಿರಬೇಕು. ತಣ್ಣಗಿರುವಾಗ ಮುಚ್ಚಿರುವ ಬಗೆಯದಾಗಿರಬೇಕು, ಏಕೆಂದರೆ ಅದೇ ಹೆಸರಿನಲ್ಲಿ ತಣ್ಣಗಿರುವಾಗ ತೆರೆದಿರುವ ಬಿಲ್ಲೆಗಳೂ ಬರುತ್ತವೆ. ಕೊನೆಯದಾಗಿ ಆಂಪಿಯರ್ ಮಿತಿ: 10 ಆಂಪಿಯರ್ ಎಂದು ಬರೆದ ಬಿಲ್ಲೆಯ ಮೂಲಕ 2500 ವ್ಯಾಟಿನ ಹೀಟರ್ ಓಡಿಸಿದರೆ 230 ವೋಲ್ಟಿನಲ್ಲಿ ಸುಮಾರು 10.9 ಆಂಪಿಯರ್ ಹರಿಯುತ್ತದೆ, ಅದು ಮೊದಲ ದಿನದಿಂದಲೇ ಮಿತಿ ಮೀರಿದ ಹೊರೆ. ಅಲ್ಲಿ 16 ಆಂಪಿಯರ್‌ನದೇ ಬೇಕು.

ಹೆಚ್ಚು ಉಷ್ಣತೆಯ ಥರ್ಮೋಸ್ಟಾಟ್ ಹಾಕಿದರೆ ಬಟ್ಟೆ ಬೇಗ ಒಣಗುತ್ತದೆಂಬ ಸಲಹೆ ಯಾರಿಂದ ಬಂದರೂ ಒಪ್ಪಬೇಡಿ. ವರ್ಲ್‌ಪೂಲ್‌ನ 279816 ಸಂಖ್ಯೆಯ ಕಿಟ್ಟಿನಂತೆ ಹೈ ಲಿಮಿಟ್ ಥರ್ಮೋಸ್ಟಾಟ್ ಮತ್ತು ಥರ್ಮಲ್ ಕಟ್ ಆಫ್ ಜೊತೆಯಾಗಿ ಬಂದಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಬೇಕು.

ಬದಲಿಸುವ ಕ್ರಮವೇನು?

ತಗಡು ತೆಗೆದೊಡನೆ, ಯಾವುದನ್ನೂ ಮುಟ್ಟುವ ಮೊದಲು, ತಂತಿಗಳು ಇರುವ ಸ್ಥಿತಿಯನ್ನು ಎರಡು ಮೂರು ಕೋನಗಳಿಂದ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ತಂತಿಯ ತುದಿಯ ಥಿಂಬಲನ್ನು ಇಕ್ಕಳದಿಂದ ಹಿಡಿದು ನೇರವಾಗಿ ಎಳೆಯಿರಿ. ತಂತಿಯನ್ನೇ ಹಿಡಿದೆಳೆದರೆ ಒಳಗಿನ ಎಳೆಗಳು ತುಂಡಾಗುತ್ತವೆ. ಒಂದು ತಂತಿ ಬಿಡಿಸಿ ಹೊಸ ಭಾಗಕ್ಕೆ ಸಿಕ್ಕಿಸಿದ ಮೇಲೆ ಎರಡನೆಯದನ್ನು ಬಿಡಿಸುವುದು ಒಳ್ಳೆಯ ಅಭ್ಯಾಸ.

ಹಳೆಯ ಬಿಲ್ಲೆಯನ್ನು ಹಿಡಿದಿರುವ ಒಂದೆರಡು ಸ್ಕ್ರೂಗಳನ್ನು ತೆಗೆದ ಮೇಲೆ ಕುಳಿತಿದ್ದ ಜಾಗವನ್ನು ಒಣ ಬಟ್ಟೆಯಿಂದ ಒರೆಸಿ. ಹೊಸ ಬಿಲ್ಲೆಯ ಲೋಹದ ಮುಖ ಎಲ್ಲೂ ಎದ್ದಿರದೆ ತಗಡಿಗೆ ಅಂಟಿ ಕೂರಬೇಕು. ನಡುವೆ ಜುಂಗಿನ ತೆಳು ಪದರ ಉಳಿದರೂ ಬಿಸಿ ತಡವಾಗಿ ತಲುಪಿ, ಥರ್ಮೋಸ್ಟಾಟ್ ತಡವಾಗಿ ತೆರೆಯುತ್ತದೆ. ಮುಖವನ್ನು ಬೆರಳಿನಿಂದ ಒತ್ತಿ ತಗ್ಗು ಮಾಡಬೇಡಿ, ಅದರ ಹಿಂದೆಯೇ ಡೊಂಕು ತಟ್ಟೆ ಇದೆ.

ಥಿಂಬಲ್‌ಗಳು ಬಿಗಿಯಾಗಿ ಕೂರುವುದು ಥರ್ಮೋಸ್ಟಾಟ್‌ನಷ್ಟೇ ಮುಖ್ಯ. ಸಡಿಲ ಜೋಡಣೆಯಲ್ಲಿ ಹುಟ್ಟುವ ಬಿಸಿಗೆ ಥಿಂಬಲ್ ಕಪ್ಪಾಗಿ ಪ್ಲಾಸ್ಟಿಕ್ ಕರಗುತ್ತದೆ. ಅಂಥದ್ದು ಕಂಡರೆ ಸುಟ್ಟ ಭಾಗವನ್ನು ಕತ್ತರಿಸಿ, ಶಾಖ ತಡೆಯುವ ವೈರು ಮತ್ತು ಹೊಸ ಥಿಂಬಲ್ ಹಾಕಿ ಗಟ್ಟಿಯಾಗಿ ಒತ್ತಿಸಬೇಕು. ಮಂಗಳೂರಿನಿಂದ ಕಾರವಾರದವರೆಗಿನ ಕಡಲಂಚಿನ ಮನೆಗಳಲ್ಲಿ ಉಪ್ಪುಗಾಳಿಗೆ ಈ ತುದಿಗಳು ಹಸಿರುಗಟ್ಟಿರುವುದನ್ನು ಹೆಚ್ಚಾಗಿ ಕಾಣಬಹುದು. ಇನ್ಸುಲೇಷನ್ ಟೇಪ್ ಸುತ್ತಿ ಮುಗಿಸಬೇಡಿ, ಹೀಟರ್ ಬಳಿಯ ಬಿಸಿಗೆ ಅದು ಅಂಟು ಬಿಟ್ಟು ಜಾರುತ್ತದೆ. ಮುಚ್ಚುವ ಮೊದಲು ಒಳಗಿನ ಜುಂಗನ್ನೆಲ್ಲ ತೆಗೆದು, ಯಾವ ತಂತಿಯೂ ಹೀಟರ್ ಪೆಟ್ಟಿಗೆಗೆ ತಾಗದಂತೆ ಸರಿಪಡಿಸಿ, ಅರ್ತಿಂಗ್ ವೈರನ್ನು ಬಿಡಿಸಿದ್ದರೆ ತಪ್ಪದೆ ಅದರ ಜಾಗಕ್ಕೆ ಬಿಗಿಯಿರಿ.

ಕೆಲಸ ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಒಂದೆರಡು ಒದ್ದೆ ಟವೆಲ್ ಹಾಕಿ, ಹೆಚ್ಚು ಬಿಸಿಯ ಆಯ್ಕೆಯಲ್ಲಿ ಓಡಿಸಿ, ಗಾಳಿ ಹೊರಬರುವ ಬಾಯಿಯಲ್ಲಿ ಅಡುಗೆಮನೆಯ ಪ್ರೋಬ್ ಥರ್ಮಾಮೀಟರ್ ಇಟ್ಟು ನೋಡಿ. ಉಷ್ಣತೆ ಏರುತ್ತ ಹೋಗಿ, ಸುಮಾರು 57ರಿಂದ 68 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಂತು, ಇಳಿದು, ಮತ್ತೆ ಏರಬೇಕು. ಈ ಏರಿಳಿತವೇ ಸೈಕ್ಲಿಂಗ್ ಥರ್ಮೋಸ್ಟಾಟ್ ಜೀವಂತವಾಗಿದೆ ಎಂಬುದಕ್ಕೆ ಸಾಕ್ಷಿ. ಚಿಕ್ಕ ಯಂತ್ರಗಳಲ್ಲಿ ಅಂಕಿ ಸ್ವಲ್ಪ ಬೇರೆಯಾಗಬಹುದು, ಆದರೆ ಇಳಿಯದೆ ಒಂದೇ ಸಮನೆ ಏರುತ್ತಿದ್ದರೆ ಕೂಡಲೇ ನಿಲ್ಲಿಸಿ. ಮೊದಲ ಕೆಲವು ಸಲ ಮನೆಯಲ್ಲಿ ಯಾರಾದರೂ ಎಚ್ಚರವಿರುವಾಗ ಮಾತ್ರ ಓಡಿಸಬೇಕು.

ಥರ್ಮೋಸ್ಟಾಟ್ ಬದಲಿಸಿದರೂ ಅತಿ ಬಿಸಿ ನಿಲ್ಲಲಿಲ್ಲ. ಇನ್ನೇನಿರಬಹುದು?

ಕಾಯಿಲ್ ತುಂಡಾಗಿ, ಅದರ ತುದಿ ತಗಡಿನ ಪೆಟ್ಟಿಗೆಗೆ ತಾಗಿರಬಹುದು. ಅಮೆರಿಕದ 240 ವೋಲ್ಟಿನ ಯಂತ್ರದಲ್ಲಿ ಹೀಟರ್‌ನ ಒಂದು ಲೈನು ಥರ್ಮೋಸ್ಟಾಟ್‌ಗಳ ಮೂಲಕವೂ ಇನ್ನೊಂದು ಲೈನು ಮೋಟಾರಿನ ಸ್ವಿಚ್ಚಿನ ಮೂಲಕವೂ ಬರುವುದು ಸಾಮಾನ್ಯ. ತುಂಡಾದ ಕಾಯಿಲ್ ತಗಡಿಗೆ ತಾಗಿದಾಗ ಒಂದೇ ಲೈನಿನಿಂದ ಕರೆಂಟು ಅರ್ತಿಂಗ್‌ಗೆ ಹರಿದು 120 ವೋಲ್ಟಿನಲ್ಲೇ ಆ ತುಂಡು ಕಾಯುತ್ತದೆ. ತಾಗಿದ್ದು ಮೋಟಾರಿನ ಕಡೆಯ ತುಂಡಾದರೆ ಥರ್ಮೋಸ್ಟಾಟ್‌ಗಳು ತೆರೆದರೂ ಬಿಸಿ ನಿಲ್ಲುವುದಿಲ್ಲ. ಥರ್ಮೋಸ್ಟಾಟ್‌ನ ಕಡೆಯದಾದರೆ ಮೋಟಾರು ನಿಂತ ಮೇಲೂ ಹೀಟರ್ ಉರಿಯುತ್ತಿರುವ ಸಾಧ್ಯತೆ ಇದೆ. ಕಾಯಿಲ್‌ನ ರೋಧವೇ ಕರೆಂಟನ್ನು ಮಿತಿಯಲ್ಲಿಡುವುದರಿಂದ ಬ್ರೇಕರ್ ಬೀಳದೆಯೂ ಇರಬಹುದು. ನಮ್ಮಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ತಾನೇ ಬಿದ್ದು ಸಂಪರ್ಕ ಕಡಿಯುವ ಸ್ವಿಚ್ಚು) ಅಳವಡಿಸಿದ ಮನೆಯಲ್ಲಿ, ಅರ್ತಿಂಗ್ ಸರಿಯಿದ್ದರೆ, ಇದೇ ದೋಷಕ್ಕೆ ಹೀಟರ್ ಆನ್ ಆದೊಡನೆ ಆರ್‌ಸಿಸಿಬಿ ಬೀಳುತ್ತದೆ. ಅದನ್ನು ಕಿರಿಕಿರಿ ಎಂದುಕೊಂಡು ತೆಗೆಸಿಹಾಕುವವರಿದ್ದಾರೆ. ಅದು ನಿಮ್ಮ ಜೀವ ಉಳಿಸುತ್ತಿದೆ, ದಯವಿಟ್ಟು ತೆಗೆಸಬೇಡಿ.

ಹೊಸ ಭಾಗ ಬರುವವರೆಗೆ ಎರಡು ವೈರುಗಳನ್ನು ನೇರ ಜೋಡಿಸಿ ಬಳಸಬಹುದೇ?

ಬಳಸಬಾರದು. ಥರ್ಮಲ್ ಫ್ಯೂಸನ್ನು ದಾಟಿಸಿ ನೇರ ಜೋಡಿಸಿದ ಡ್ರೈಯರ್‌ನಲ್ಲಿ ಜುಂಗು, ಬಟ್ಟೆ ಮತ್ತು ಕೆಂಪಗೆ ಕಾದ ಕಾಯಿಲ್ ಒಂದೆಡೆ ಇರುತ್ತವೆ, ತಡೆಯುವುದಕ್ಕೆ ಏನೂ ಇರುವುದಿಲ್ಲ. ಅಲ್ಲಿಯವರೆಗೆ ಹೀಟರ್ ಇಲ್ಲದ ತಣ್ಣನೆಯ ಗಾಳಿಯ ಆಯ್ಕೆ ಇದ್ದರೆ ಅದನ್ನು, ಇಲ್ಲವೇ ಫ್ಯಾನಿನ ಕೆಳಗಿನ ಹಗ್ಗವನ್ನು ಬಳಸಿ.

ಮಳೆಗಾಲದಲ್ಲಿ ದಿನವೂ ಓಡಿಸುತ್ತೇವೆ. ಥರ್ಮೋಸ್ಟಾಟ್ ಹೆಚ್ಚು ದಿನ ಬಾಳಲು ಏನು ಮಾಡಬೇಕು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ ಮತ್ತು ಮಲೆನಾಡುಗಳಲ್ಲಿ ಯಂತ್ರ ಒಳಗೆಳೆದುಕೊಳ್ಳುವ ಗಾಳಿಯೇ ತೇವದಿಂದ ತುಂಬಿರುವುದರಿಂದ ಒಣಗುವ ಹೊತ್ತು ಹೆಚ್ಚಾಗುವುದು ಸಹಜ, ಅದು ದೋಷವಲ್ಲ. ಹೊರಬಂದ ತೇವದ ಗಾಳಿ ಅದೇ ಮುಚ್ಚಿದ ಕೋಣೆಯಲ್ಲಿ ಸುತ್ತುತ್ತಿದ್ದರೆ ಮಾತ್ರ ಯಂತ್ರ ವ್ಯರ್ಥವಾಗಿ ದುಡಿಯುತ್ತದೆ, ಆದ್ದರಿಂದ ಕೊಳವೆಯ ಬಾಯಿ ಮನೆಯ ಹೊರಗೇ ಇರಬೇಕು. ವಾಷಿಂಗ್ ಮಷಿನ್‌ನಲ್ಲಿ ಇನ್ನೊಮ್ಮೆ ಹಿಂಡಿಸಿ ಹಾಕಿದರೆ ಹೀಟರ್‌ನ ಕೆಲಸ ಗಮನಾರ್ಹವಾಗಿ ಕಡಿಮೆಯಾಗುತ್ತದೆ.

ಸೊಳ್ಳೆ, ಹಲ್ಲಿ, ಇಲಿಗಳ ಭಯದಿಂದ ಕೊಳವೆಯ ಬಾಯಿಗೆ ಸೊಳ್ಳೆ ಪರದೆಯ ಬಲೆ ಕಟ್ಟುವುದನ್ನು ಬಹಳ ಕಡೆ ನೋಡುತ್ತೇವೆ. ಜುಂಗು ಆ ಬಲೆಗೆ ಅಂಟಿ ಕೆಲವೇ ವಾರಗಳಲ್ಲಿ ಬಾಯಿ ಮುಚ್ಚಿಹೋಗುತ್ತದೆ. ಅಮೆರಿಕದ ಮಾದರಿ ಸಂಹಿತೆಯೂ ಡ್ರೈಯರ್ ಕೊಳವೆಯ ಬಾಯಿಗೆ ಬಲೆ ಹಾಕುವುದನ್ನು ನಿಷೇಧಿಸಿದೆ. ಅದರ ಬದಲು ಗಾಳಿ ಬಂದಾಗ ತೆರೆದು ನಿಂತಾಗ ಮುಚ್ಚಿಕೊಳ್ಳುವ ಹಗುರ ರೆಕ್ಕೆಯ ಮುಚ್ಚಳ ಹಾಕಿಸಿ.

ಓಡುತ್ತಿರುವ ಡ್ರೈಯರನ್ನು ನಡುವೆ ನಿಲ್ಲಿಸಿ ಬಿಸಿ ಬಟ್ಟೆಗಳನ್ನು ಮುದ್ದೆಯಾಗಿ ಒಳಗೇ ಬಿಡುವುದೂ ಅಪಾಯ. ಕೊನೆಯ ಕೆಲವು ನಿಮಿಷ ಹೀಟರ್ ಇಲ್ಲದೆ ಗಾಳಿ ಊದುವ ಹಂತವನ್ನು ಇಟ್ಟಿರುವುದು ಬಟ್ಟೆಯನ್ನೂ ಹೀಟರ್ ಪೆಟ್ಟಿಗೆಯನ್ನೂ ತಣಿಸಲಿಕ್ಕೆ. ಅಡುಗೆ ಎಣ್ಣೆ ಹೀರಿದ ಬಟ್ಟೆ, ಎಣ್ಣೆಸ್ನಾನದ ಟವೆಲ್, ಪೆಟ್ರೋಲ್ ತಾಗಿದ ಉಡುಪುಗಳನ್ನು ಡ್ರೈಯರ್‌ಗೆ ಹಾಕಲೇಬಾರದು.

ಯಾವಾಗ ತಂತ್ರಜ್ಞರನ್ನು ಕರೆಯಬೇಕು?

ವಾರಂಟಿ ಇರುವಾಗ, ಗ್ಯಾಸ್ ಅಥವಾ ಹೀಟ್ ಪಂಪ್ ಯಂತ್ರವಾದಾಗ, ಒಳಗೆ ಬೆಂಕಿ ಹತ್ತಿದ ಗುರುತು ಕಂಡಾಗ, ತಗಡು ಮುಟ್ಟಿದರೆ ಜುಮ್ಮೆನ್ನುವಾಗ ಕರೆಯಬೇಕು. ಎಲ್ಲ ಥರ್ಮೋಸ್ಟಾಟ್‌ಗಳೂ ಕಾಯಿಲೂ ಸರಿಯಾಗಿ ಅಳತೆ ಕೊಟ್ಟರೂ ಬಿಸಿ ಬಾರದಿದ್ದರೆ ದೋಷ ಟೈಮರ್‌ನಲ್ಲೋ ಬೋರ್ಡಿನ ರಿಲೇಯಲ್ಲೋ ಮೋಟಾರಿನ ಸ್ವಿಚ್ಚಿನಲ್ಲೋ ಇರುತ್ತದೆ, ಅದನ್ನು ಕರೆಂಟು ಇರುವಾಗಲೇ ಪರೀಕ್ಷಿಸಬೇಕಾಗುವುದರಿಂದ ಅನುಭವಿಗಳಿಗೇ ಬಿಡುವುದು ಸರಿ. ಬಂದವರಿಗೆ ನೀವು ಅಳೆದ ಓಮ್ ಅಂಕಿಗಳನ್ನು ಮತ್ತು ತೆಗೆದ ಹಳೆಯ ಭಾಗವನ್ನು ತೋರಿಸಿ. ಅವರೇ ಭಾಗ ಬದಲಿಸಿದರೆ, ಕೊಳವೆಯನ್ನೂ ಬ್ಲೋವರನ್ನೂ ಸ್ವಚ್ಛಗೊಳಿಸಿದರೇ ಎಂದು ಕೇಳಿ, ಗಾಳಿ ಹೊರಬರುವ ಬಾಯಿಗೆ ಕೈಯೊಡ್ಡಿ ನೋಡಿದ ಮೇಲೆಯೇ ಅವರನ್ನು ಕಳುಹಿಸಿ.